ಹದಿಮೂರರಂದು ಕೊಟ್ಟ ಹದಿನಾಲ್ಕರ ವರ್ಷನ್

2025ರ ನವೆಂಬರ್ 18, ಮಂಗಳವಾರ ಬೆಳಿಗ್ಗೆ ಆರೂವರೆಗೆ ಬೀದರಿನ ತಮ್ಮ ಬಾಡಿಗೆ ಮನೆಯಲ್ಲಿ, ನಮ್ಮ ಪತ್ರಿಕೆಯ ಪುಟ ಕಟ್ಟುತ್ತಿದ್ದ ಅವರು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಅರವತ್ತೊಂದು. ನಿಧನದ ಸುದ್ದಿ ನಾನೇ ಬರೆದೆ, ನಾಲ್ಕು ಸಾಲು. ವಯಸ್ಸನ್ನು ಎರಡು ಕಡೆ ಕೇಳಿ ಖಚಿತ ಮಾಡಿಕೊಂಡೆ. ಒಂದೇ ಕಡೆ ಕೇಳಿ ಬರೆದಿದ್ದರೆ ಅವರು ಒಪ್ಪುತ್ತಿರಲಿಲ್ಲ.

ನಾಲ್ಕು ಸಾಲಿನಲ್ಲಿ ಹೇಳಲಾಗದ ಒಂದು ವಿಷಯವಿದೆ. ಔರಾದ ತಾಲ್ಲೂಕಿನ ಕುರಿಗಾರರ ಸಂಘವೊಂದರಲ್ಲಿ ಕಲಾವತಿ ಎಂಬ ಲಸಿಕೆ ಕಾರ್ಯಕರ್ತೆ ಇದ್ದಳು. ಸುಳ್ಳು ದಾಖಲೆ ಮಾಡಿದಳು ಎಂಬ ಆರೋಪದ ಮೇಲೆ ಆಕೆಯ ಕೆಲಸ ಹೋಗುವುದರಲ್ಲಿತ್ತು. ಆರೋಪ ಹುಟ್ಟಿದ್ದು ತೀರಿಕೊಂಡ ಅವರು ತಾವೇ ಬರೆದ ಸಾಫ್ಟ್‌ವೇರಿಗೆ ಆರಿಸಿಕೊಂಡ ವರ್ಷನ್ ಸಂಖ್ಯೆಯಿಂದ. ಅದು ಊರಿಗೆಲ್ಲ ಹರಡಿದ್ದು ನಾನು ಬರೆದ ಸುದ್ದಿಯಿಂದ.

ನಮ್ಮದು ಬೀದರಿನಲ್ಲೇ ಅಚ್ಚಾಗುವ ಸಣ್ಣ ದಿನಪತ್ರಿಕೆ. ಚೌಬಾರಾ ಗೋಪುರದ ಹತ್ತಿರದ ಗಲ್ಲಿಯಲ್ಲಿ ಮೆಟ್ಟಿಲು ಹತ್ತಿ ಹೋದರೆ ಎರಡು ಕೋಣೆ. ಅವರು ಪುಟ ಕಟ್ಟುವವರು, ನಾನು ವರದಿಗಾರ. ಇಬ್ಬರ ಮೇಜಿನ ನಡುವೆ ಹತ್ತು ಹೆಜ್ಜೆ. ಹತ್ತೊಂಬತ್ತು ವರ್ಷದಲ್ಲಿ ಅದು ಒಂಬತ್ತಾಗಲಿಲ್ಲ.

ಯಾರಾದರೂ ಬೆನ್ನ ಹಿಂದೆ ಹಾದು ಹೋದರೆ ಅವರು ಮಾನಿಟರ್ ಆರಿಸುತ್ತಿದ್ದರು. ಅದರ ಮೇಲಿದ್ದದ್ದು ಬೆಳಿಗ್ಗೆ ಇಡೀ ಜಿಲ್ಲೆ ಓದುವ ಪುಟವೇ ಆಗಿದ್ದರೂ ಆರಿಸುತ್ತಿದ್ದರು. ಫೋನ್ ಬಂದರೆ ಮೊದಲ ಮಾತು ಹಲೋ ಅಲ್ಲ, ಈ ನಂಬರ್ ಯಾರು ಕೊಟ್ಟರು ಎಂಬುದು. ಗಂಟೆ ಮೂರಾಯಿತು ಎಂದು ಹೇಳಿದರೆ ಕೈಗಡಿಯಾರ ನೋಡುತ್ತಿದ್ದರು, ಆಮೇಲೆ ಗೋಡೆಯದು, ಆಮೇಲೆ ಹೇಳಿದವನ ಮುಖ. ಊಟದ ಡಬ್ಬಿಗೆ ಬೀಗ ಹಾಕುತ್ತಿದ್ದರು ಎನ್ನುವವರಿದ್ದಾರೆ. ನಾನು ನೋಡಿಲ್ಲ, ಆದ್ದರಿಂದ ಅದನ್ನು ನಿಜವೆಂದು ಬರೆಯುವುದಿಲ್ಲ.

ಯಾವ ಸಂಗತಿ ಹೇಳಿದರೂ ಅವರಿಗೆ ಎರಡು ಪ್ರಶ್ನೆ ಇದ್ದವು. "ಹೇಳಿದವರ‍್ಯಾರು? ಯಾವಾಗ ಹೇಳಿದ್ರು?" ಎರಡಕ್ಕೂ ಉತ್ತರ ಸಿಗದಿದ್ದರೆ ಆ ಸಂಗತಿ ಅವರ ಮಟ್ಟಿಗೆ ನಡೆದೇ ಇರಲಿಲ್ಲ. ಕಚೇರಿಯ ಹುಡುಗಿಯೊಬ್ಬಳ ಮದುವೆ ನಿಶ್ಚಯವಾದಾಗಲೂ ಇದನ್ನೇ ಕೇಳಿ, ಪೇಡೆ ತಿನ್ನದೆ ಮೇಜಿನ ಅಂಚಿಗೆ ಇಟ್ಟಿದ್ದರು. ಲಗ್ನಪತ್ರಿಕೆ ಬಂದ ಮೇಲೆ ತಿಂದರು.

ಪುಟ ಮುಗಿದು ಪ್ರೂಫ್ ಬಂದಾಗ ಅವರು ತಲೆಬರಹ ನೋಡುತ್ತಿರಲಿಲ್ಲ. ಕೆಂಪು ಪೆನ್ನಿನಿಂದ ಮೊದಲು ತಾರೀಖಿಗೆ ಸುತ್ತು ಹಾಕುತ್ತಿದ್ದರು, ಪ್ರತಿ ಪುಟಕ್ಕೂ. ನಾನು ಸೇರುವ ಮುಂಚೆ ಒಮ್ಮೆ ಆರನೇ ಪುಟ ಹಿಂದಿನ ದಿನದ ತಾರೀಖಿನಲ್ಲಿ ಹೋಗಿತ್ತಂತೆ. ಅವರಿಗೆ ಮೆಮೊ ಕೊಟ್ಟರು. ಆ ಮೆಮೊವನ್ನು ಅವರು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಡ್ರಾಯರಿನಲ್ಲಿ ಇಟ್ಟಿದ್ದರು. ಯಾಕೆ ಎಂದು ಕೇಳಿದ್ದೆ. ಯಾರಾದರೂ ತಿದ್ದಿಯಾರು ಎಂದು ಹೇಳಿದರು.

ಸಾಫ್ಟ್‌ವೇರ್ ಬರೆಯುವುದನ್ನು ಅವರು ಯಾರಿಂದಲೂ ಕಲಿತಿರಲಿಲ್ಲ. ಹಳೆಯ ಫಾಂಟಿನ ಅಕ್ಷರಗಳನ್ನು ಹೊಸ ಫಾಂಟಿಗೆ ತರುವ ಒಂದು ಸಣ್ಣ ಪ್ರೋಗ್ರಾಂ ನಮ್ಮ ಕಚೇರಿಗೇ ಬೇಕಿತ್ತು. ಹೈದರಾಬಾದಿನಿಂದ ತರಿಸಿದ್ದು ಒತ್ತಕ್ಷರ ನುಂಗುತ್ತಿತ್ತು. ಇವರು ಪುಸ್ತಕ ತಂದು ಓದಿ ತಾವೇ ಬರೆದರು. ಅಲ್ಲಿಂದ ಶುರುವಾಯಿತು. ಭಾಲ್ಕಿಯ ಬೀಜದ ಅಂಗಡಿಯೊಂದಕ್ಕೆ ದಾಸ್ತಾನಿನ ಪ್ರೋಗ್ರಾಂ, ಬೀದರಿನ ರಕ್ತಪರೀಕ್ಷೆ ಕೇಂದ್ರವೊಂದಕ್ಕೆ ವರದಿ ಅಚ್ಚು ಹಾಕುವುದು, ಕೊನೆಗೆ ಔರಾದಿನ ಕುರಿಗಾರರ ಸಂಘಕ್ಕೆ ಲಸಿಕೆ ದಾಖಲೆ. ಪ್ರತಿ ಕುರಿಯ ಕಿವಿಯಲ್ಲಿ ನಂಬರಿನ ಬಿಲ್ಲೆ. ಯಾವ ಬಿಲ್ಲೆಗೆ ಯಾವ ದಿನ ಯಾವ ಲಸಿಕೆ ಎಂಬ ಪ್ರಮಾಣಪತ್ರ ಅಚ್ಚಾಗಿ ಹಿಂಡಿನ ಮಾಲೀಕನ ಕೈಗೆ ಹೋಗಬೇಕು.

ಅದನ್ನು ಮೊದಲ ಸಲ ಹಾಕಲು ಅವರು ಔರಾದಿಗೆ ಹೋದ ದಿನ ನಾನು ಜೊತೆಗಿದ್ದೆ. ನನಗೆ ಅಲ್ಲಿ ಬೇರೆ ಸುದ್ದಿ ಇತ್ತು, ಗಾಡಿಯಲ್ಲಿ ಜಾಗ ಇತ್ತು. ಸಂಘದ ಕಾರ್ಯದರ್ಶಿ ಚಿಂತಾಕಿ ಊರಿನವರು, ಸಾಲಿ ಮಾಸ್ತರರಾಗಿ ನಿವೃತ್ತಿಯಾದವರು, ಮಾತುಗಾರರು. ಪ್ರಮಾಣಪತ್ರದ ಬುಡದಲ್ಲಿ ಸಾಫ್ಟ್‌ವೇರಿನ ವರ್ಷನ್ ಸಂಖ್ಯೆ ಬರಬೇಕೆಂದು ಇವರು ಹೇಳಿದಾಗ, ಒಂದು, ಎರಡು, ಮೂರು ಎಂದು ಹಾಕಿದರೆ ಆಯಿತಲ್ಲ, ಫೋನುಗಳಿಗೂ ಹಾಗೇ ಹಾಕುತ್ತಾರೆ ಎಂದರು ಮಾಸ್ತರರು.

"ಎರಡು ಅಂದ್ರ ಏನ್ ತಿಳಿತದ್ರಿ ನಿಮಗ?" ಇವರು ಕೇಳಿದರು. "ಒಂದರಕಿಂತ ಛಲೋ ಅದ ಅಂತ ತಾನ? ಅದು ನಾ ಹೇಳೋ ಮಾತು. ನನ್ನ ಮಾತು ಯಾಕ ನಂಬ್ತೀರಿ? ತಾರೀಖ ಹಾಕಿದ್ರ ಅದು ನನ್ನ ಮಾತಲ್ಲ."

"ಹಾಲಿನ ಪಾಕೀಟಿಗಿ ಹಾಕ್ದಂಗ ಆಯ್ತಲ್ರೀ," ಎಂದರು ಮಾಸ್ತರರು. "ಹಂಗಿದ್ರ ಕೆಡೋ ತಾರೀಖೂ ಹಾಕಿಬಿಡ್ರಿ."

"ಬೇಕಂದ್ರ ಹಾಕ್ತೇನಿ," ಎಂದರು ಇವರು, ನಗದೆ.

ಆಮೇಲೆ ಒಂದು ಹಾಳೆಯಲ್ಲಿ ಬರೆದು ತೋರಿಸಿದರು. ಮೊದಲು ವರ್ಷ, ನಾಲ್ಕೂ ಅಂಕಿ. ಆಮೇಲೆ ತಿಂಗಳು, ಒಂಟಿ ಅಂಕಿಯಾದರೆ ಮುಂದೆ ಸೊನ್ನೆ. ಕೊನೆಗೆ ದಿನ. ಹೀಗೆ ಬರೆದರೆ ಕಂಪ್ಯೂಟರ್ ತಾನಾಗಿಯೇ ಸಾಲಾಗಿ ನಿಲ್ಲಿಸುತ್ತದೆ, ಇಲ್ಲದಿದ್ದರೆ ಹತ್ತನ್ನು ಎರಡರ ಮುಂದೆ ತಂದು ನಿಲ್ಲಿಸುತ್ತದೆ ಎಂದರು. ಕಿವಿ ಬಿಲ್ಲೆಗಳ ಪಟ್ಟಿಯಲ್ಲಿ ಅದೇ ತೊಂದರೆ ಅನುಭವಿಸಿದ್ದ ಮಾಸ್ತರರಿಗೆ ಕೂಡಲೇ ಅರ್ಥವಾಯಿತು. ಒಂದೇ ದಿನ ಎರಡು ಸಲ ತಿದ್ದಬೇಕಾಗಿ ಬಂದರೆ ಎಂದು ಕೇಳಿದರು. ಇವರು ಬರಲಾರದು ಎಂದರು. ಪತ್ರಿಕೆ ದಿನಕ್ಕೆ ಎರಡು ಸಲ ಬರುವುದಿಲ್ಲ, ತಪ್ಪಿದ್ದರೆ ನಾಳೆ ತಿದ್ದಬೇಕು.

ಯಾವ ದಿನದ ತಾರೀಖು ಎಂದು ಅಂದು ಯಾರೂ ಕೇಳಲಿಲ್ಲ. ಬರೆದು ಮುಗಿಸಿದ ದಿನವೋ, ಕೊಟ್ಟ ದಿನವೋ, ಬಳಸುವ ದಿನವೋ. ನಾನೂ ಕೇಳಲಿಲ್ಲ. ಕೇಳುವುದೇ ನನ್ನ ಕೆಲಸವಾಗಿತ್ತು.

ಹೊಸ ವರ್ಷನ್ ಸಿದ್ಧವಾದಾಗ ಅವರು ಅದನ್ನು ಇಂಟರ್‌ನೆಟ್ಟಿನಲ್ಲಿ ಕಳಿಸುತ್ತಿರಲಿಲ್ಲ. ನಡುವೆ ಯಾರು ನೋಡುತ್ತಾರೋ ಗೊತ್ತಿಲ್ಲ ಎನ್ನುತ್ತಿದ್ದರು. ಪೆನ್‌ಡ್ರೈವಿಗೆ ಹಾಕಿ, ಲಕೋಟೆಗೆ ಅಂಟು ಹಚ್ಚಿ, ಅಂಟಿನ ಮೇಲೆ ಸಹಿ ಮಾಡಿ, ಔರಾದಿಗೆ ಹೋಗುವ ಪತ್ರಿಕೆ ಬಂಡಲಿನಲ್ಲಿ ಕಟ್ಟಿಸುತ್ತಿದ್ದರು. ಸಂಜೆ ಕಟ್ಟಿದ ಬಂಡಲು ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿತ್ತು. ಏಜೆಂಟ್ ಪತ್ರಿಕೆ ಹಂಚುತ್ತ ಲಕೋಟೆಯನ್ನೂ ಸಂಘಕ್ಕೆ ಮುಟ್ಟಿಸುತ್ತಿದ್ದ. ನಮ್ಮ ಪ್ರಸರಣ ಗುಮಾಸ್ತ ಪ್ರತಿ ಲಕೋಟೆಯನ್ನೂ ಪಾರ್ಸಲ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಇವರು ನಿಂತು ಬರೆಸುತ್ತಿದ್ದರು.

ಕಲಾವತಿಯ ವಿಷಯಕ್ಕೆ ಬರುತ್ತೇನೆ. ಆಗಸ್ಟ್ ತಿಂಗಳು, 2024. ಡಾಬಕಾ ಊರಿನ ಒಂದು ಹಿಂಡಿನಲ್ಲಿ 24ರಿಂದ ಕುರಿಗಳು ಸಾಯತೊಡಗಿದವು. ಐದು ದಿನದಲ್ಲಿ ಹದಿನೇಳು. ಈ ಹಿಂಡಿಗೆ ಲಸಿಕೆ ಹಾಕಿದ್ದಾಗಿ ಕಲಾವತಿ ಪ್ರಮಾಣಪತ್ರ ಕೊಟ್ಟಿದ್ದಳು. ಅದರ ಮೇಲೆ ಲಸಿಕೆ ದಿನಾಂಕ ಆಗಸ್ಟ್ 13. ಹಿಂಡಿನ ಮಾಲೀಕ ಆ ದಿನ ಅರ್ಧ ಕುರಿಗಳೊಂದಿಗೆ ಮಹಾರಾಷ್ಟ್ರದ ಕಡೆ ಮೇಯಿಸಲು ಹೋಗಿದ್ದ. ಮನೆಯಲ್ಲಿದ್ದದ್ದು ಅವನ ತಾಯಿ. "ಒಬ್ಬಾಕಿ ಬಂದಿದ್ಲು, ಸೂಜಿ ಚುಚ್ಚಿದ್ಲು. ಯಾವ ದಿನ ಅಂತ ನಾ ಹ್ಯಾಂಗ ಹೇಳ್ಲಪಾ," ಎಂದಳು ಆಕೆ.

ಆದರೆ ಎಲ್ಲವೂ ದಿನದ ಮೇಲೆಯೇ ನಿಂತಿತ್ತು. ಲಸಿಕೆ ಹಾಕಿ ಹನ್ನೊಂದನೇ ದಿನಕ್ಕೆ ರೋಗ ಬಂದರೆ ಕಾರ್ಯಕರ್ತೆಯ ತಪ್ಪಲ್ಲ, ಮದ್ದು ಹತ್ತುವ ಮುಂಚೆಯೇ ಬಂದಿರಬಹುದು ಎಂದು ಪಶುವೈದ್ಯರು ಹೇಳಿದರು. ಸಾವು ಶುರುವಾದ ಮೇಲೆ ಓಡಿ ಹೋಗಿ ಚುಚ್ಚಿ, ಕಾಗದದ ಮೇಲೆ ಹಿಂದಿನ ತಾರೀಖು ಹಾಕಿದ್ದರೆ ಅದು ಬೇರೆ ಮಾತು. ಮಾಲೀಕನ ಸಂಶಯ ಅದೇ ಆಗಿತ್ತು.

ಅವನು ಪ್ರಮಾಣಪತ್ರದ ನಕಲನ್ನು ನನಗೆ ತಂದುಕೊಟ್ಟ. ಎರಡು ಸಲ ಓದಿದೆ. ಮೇಲೆ ಲಸಿಕೆ ದಿನಾಂಕ 13. ಅಚ್ಚಾದದ್ದೂ ಅಂದೇ ಎಂದು ಕಲಾವತಿಯ ಹೇಳಿಕೆ. ಬುಡದಲ್ಲಿ ಸಣ್ಣ ಅಕ್ಷರದಲ್ಲಿ ವರ್ಷನ್ 2024.08.14. ಹದಿನಾಲ್ಕರಂದು ಬಂದ ಸಾಫ್ಟ್‌ವೇರ್ ಹದಿಮೂರರಂದು ಪ್ರಮಾಣಪತ್ರ ಅಚ್ಚು ಹಾಕಲಾರದು. ಒಂದು ದಿನದ ಸುಳ್ಳಿದ್ದರೆ ಹತ್ತು ದಿನದ್ದೂ ಇರಬಹುದು. ಇದನ್ನು ಕಂಡುಹಿಡಿದವನು ನಾನು. ಮಾಲೀಕ ಗಮನಿಸಿರಲಿಲ್ಲ, ಸಂಘವೂ ಗಮನಿಸಿರಲಿಲ್ಲ.

ಕಲಾವತಿಯನ್ನು ಕೇಳಿದೆ. ಹದಿಮೂರರ ಬೆಳಿಗ್ಗೆ ಡಾಬಕಾದಲ್ಲಿ ಲಸಿಕೆ ಹಾಕಿ ಔರಾದಿಗೆ ಬಂದೆ, ಆ ಹಿಂಡಿನ ಬಿಲ್ಲೆಗಳು ಹೊಸ ಐದಂಕಿಯವು, ಅವು ನಂಬರ್ ಹಾಕುವ ಚೌಕದ ಹೊರಗೆ ಹೋಗಿ ಪ್ರಮಾಣಪತ್ರ ಅಚ್ಚಾಗಲಿಲ್ಲ, ಅವರಿಗೆ ಫೋನ್ ಮಾಡಿ ಬಸ್ಸು ಹತ್ತಿ ಬೀದರಿಗೆ ಬಂದು ಹೊಸ ವರ್ಷನ್ ಕೈಯಲ್ಲಿ ಇಸಿದುಕೊಂಡು ಹೋಗಿ ಸಂಜೆ ಅಚ್ಚು ಹಾಕಿದೆ ಎಂದಳು. ಟಿಕೆಟ್ ಇದೆಯೇ ಎಂದೆ. "ಹೆಣ್ಮಕ್ಕಳ ಟಿಕೆಟ್ ಸೊನ್ನಿ ರೊಕ್ಕದ್ದು. ಅದನ್ಯಾರು ಇಟ್ಕೋತಾರ್ರಿ?" ಎಂದಳು. ಫೋನಿನಲ್ಲಿ ಅಷ್ಟು ಹಿಂದಿನ ಕರೆ ಉಳಿದಿರಲಿಲ್ಲ. ಕಾರ್ಯದರ್ಶಿ ಮಾಸ್ತರರು ಅಂದು ಭಾಲ್ಕಿಯಲ್ಲಿದ್ದರು. ಪ್ರಮಾಣಪತ್ರಕ್ಕೆ ಸಹಿ ಮಾಡಿದ್ದು ನಿಜ, ಯಾವ ದಿನವೋ ನೆನಪಿಲ್ಲ, ಒಮ್ಮೆ ಕೂತರೆ ನಲವತ್ತಕ್ಕೆ ಮಾಡುತ್ತೇನೆ ಎಂದರು. ಸಂಘದ ಕಂಪ್ಯೂಟರಿನ ಗಡಿಯಾರದ ಸೆಲ್ಲು ಸತ್ತು ಎರಡು ವರ್ಷವಾಗಿತ್ತು. ಕರೆಂಟ್ ಹೋಗಿ ಬಂದರೆ ಯಾವುದೋ ಹಳೆಯ ವರ್ಷ ತೋರಿಸುತ್ತಿತ್ತು.

ಉಳಿದವರು ಇವರೊಬ್ಬರೇ. ಹತ್ತು ಹೆಜ್ಜೆ ನಡೆದು ಅವರ ಮೇಜಿಗೆ ಹೋದೆ. ಅವರು ಮಾನಿಟರ್ ಆರಿಸಿದರು. ನಿಮ್ಮ ವರ್ಷನ್ ತಾರೀಖು ತಪ್ಪಾಗಿರುವ ಸಾಧ್ಯತೆ ಇದೆಯೇ ಎಂದು ಕೇಳಿದೆ. ಯಾವ ಪ್ರಮಾಣಪತ್ರ, ಯಾರ ವಿಷಯ ಎಂದು ಹೇಳಲಿಲ್ಲ. ಅಚ್ಚಾಗುವ ಮುಂಚೆ ಕೈಯಲ್ಲಿರುವ ದಾಖಲೆಯನ್ನು ಯಾರಿಗೂ ತೋರಿಸಬಾರದು ಎಂಬುದು ನಾನು ಕಲಿತ ಪಾಠ. ಜೊತೆಗೆ, ಅವರು ಆಕೆಗೆ ಸುಳಿವು ಕೊಟ್ಟಾರು ಎಂಬ ಅನುಮಾನವೂ ಇತ್ತು.

"ಯಾರ ಕಡಿಂದ ಕೇಳ್ಲತ್ತೀರಿ?"

"ಸುದ್ದಿಗೆ."

ರಕ್ತಪರೀಕ್ಷೆ ಕೇಂದ್ರದವರೋ, ಬೀಜದ ಅಂಗಡಿಯವರೋ ದೂರು ಕೊಟ್ಟಿದ್ದಾರೆ ಎಂದು ಅವರು ಎಣಿಸಿದ್ದರೆಂದು ಆಮೇಲೆ ಗೊತ್ತಾಯಿತು. "ಬರ್ಕೋರಿ," ಎಂದರು. "ನನ್ನ ತಾರೀಖ ಒಂದ್ ಸಲನೂ ತಪ್ಪಿಲ್ಲ."

ಬರೆದುಕೊಂಡೆ. ಸೆಪ್ಟೆಂಬರ್ ಮೊದಲ ವಾರ ಸುದ್ದಿ ಬಂತು. ಹುಟ್ಟದ ಸಾಫ್ಟ್‌ವೇರಿನಿಂದ ಲಸಿಕೆ ಪ್ರಮಾಣಪತ್ರ ಎಂಬುದು ತಲೆಬರಹ. ಅವರ ಮಾತು ಮೂರನೇ ಪ್ಯಾರಾದಲ್ಲಿ ಹೆಸರಿಲ್ಲದೆ ಇತ್ತು. ಆ ಪುಟ ಕಟ್ಟಿದವರು ಅವರೇ. ತಾರೀಖಿಗೆ ಸುತ್ತು ಹಾಕಿ ಪುಟವನ್ನು ಅಚ್ಚಿಗೆ ಬಿಟ್ಟಿದ್ದರು. ಸುದ್ದಿಯನ್ನು ಓದಿಯೇ ಬಿಟ್ಟರೋ ಓದದೆ ಬಿಟ್ಟರೋ ನನಗೆ ಇವತ್ತಿಗೂ ತಿಳಿಯದು. ಸುದ್ದಿ ಓದುವುದು ತಮ್ಮ ಕೆಲಸವಲ್ಲ ಎಂದು ಅವರು ಹೇಳುತ್ತಿದ್ದದ್ದಂತೂ ನಿಜ.

ಸಂಘ ಅದೇ ದಿನ ಕಲಾವತಿಯನ್ನು ಅಮಾನತು ಮಾಡಿತು. ಲಸಿಕೆ ಪೆಟ್ಟಿಗೆ, ಗುರುತಿನ ಚೀಟಿ ವಾಪಸು ಪಡೆಯಿತು. ಸುಳ್ಳು ದಾಖಲೆ ಸಾಬೀತಾದರೆ ಜಿಲ್ಲೆಯ ಯಾವ ಸಂಘದಲ್ಲೂ ಆಕೆಗೆ ಕೆಲಸ ಇಲ್ಲ ಎಂದು ನೋಟಿಸಿನಲ್ಲಿತ್ತು.

ಸಾಮಾನ್ಯವಾಗಿ ನಾಲ್ಕು ಗಂಟೆಗೆ ಬರುವ ಅವರು ಮರುದಿನ ಬೆಳಿಗ್ಗೆ ಹತ್ತಕ್ಕೇ ಬಂದರು. ನನ್ನ ಮೇಜಿಗೆ ಬಂದದ್ದು ಅದೇ ಮೊದಲು. ಸುದ್ದಿ ಬಂದಿದ್ದ ನಿನ್ನೆಯ ಪತ್ರಿಕೆಯನ್ನು ಮುಂದಿಟ್ಟರು.

"ಹದಿಮೂರಕ್ಕ ಕೊಟ್ಟೀನ್ರಿ. ಮೆಟ್ಟಿಲ ಮ್ಯಾಲ ನಿಂತು ಆಕಿ ಕೈಯಾಗ ಕೊಟ್ಟೀನಿ."

"ಮತ್ತ ಹದಿನಾಲ್ಕು ಅಂತ ಯಾಕ ಹಾಕಿದ್ರಿ?"

ಪ್ರಶ್ನೆಯೇ ಅರ್ಥವಾಗದವರಂತೆ ಪತ್ರಿಕೆಯ ಹೆಸರಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. "ಇದರ ಮ್ಯಾಲ ಯಾವ ತಾರೀಖ ಅದ? ನಾವು ಇದನ್ನ ಯಾವತ್ತು ಮಾಡೀವಿ?"

ಸಂಜೆ ಕಟ್ಟಿದ ಪುಟಕ್ಕೆ ನಾಳೆಯ ತಾರೀಖು. ನಮ್ಮ ಕಸುಬಿನಲ್ಲಿ ಅದನ್ನು ಯಾರೂ ಸುಳ್ಳೆನ್ನುವುದಿಲ್ಲ. ಓದುಗನ ಕೈಗೆ ಹೋಗುವ ದಿನವೇ ಪತ್ರಿಕೆಯ ದಿನ. ಮೂವತ್ತು ವರ್ಷ ಹೀಗೆ ಪುಟ ಕಟ್ಟಿದ ಮನುಷ್ಯ ತನ್ನ ಸಾಫ್ಟ್‌ವೇರಿಗೂ ಬೇರೆ ದಿನ ಹಾಕುವ ಯೋಚನೆಯನ್ನೇ ಮಾಡಿರಲಿಲ್ಲ. ಲಕೋಟೆ ಬಂಡಲಿನಲ್ಲಿ ಹೋಗಿ ಬೆಳಿಗ್ಗೆ ಮುಟ್ಟುವ ತನಕ ಅದು ಸರಿಯೂ ಆಗಿತ್ತು. ಒಂದು ಸಲ ಮಾತ್ರ ಆಕೆ ತಾನೇ ಬಂದು ಹಿಂದಿನ ದಿನವೇ ಒಯ್ದಳು. ಪ್ರತಿ ದಿನ ಸಂಜೆ ನಾಳೆಯ ಪತ್ರಿಕೆಗೆ ಸುದ್ದಿ ಬರೆಯುವ ನನಗೂ ಇದು ಹೊಳೆದಿರಲಿಲ್ಲ.

ನಾನು ಕೇಳಿದಾಗಲೇ ಯಾಕೆ ಹೇಳಲಿಲ್ಲ ಎಂದೆ.

"ಯಾರ ಸಂಬಂಧ ಅಂತ ನೀವು ಹೇಳ್ಲಿಲ್ಲಲ್ರಿ. ಭರೋಸಾ ಇಲ್ದೇ ಕೇಳಿದ್ರಿ, ಭರೋಸಾ ಇಲ್ದೇ ಹೇಳಿನಿ."

ನಾನು ಸ್ಪಷ್ಟನೆ ಬರೆದೆ. ಸಂಪಾದಕರಿಗೆ ಅದು ಇಷ್ಟವಾಗಲಿಲ್ಲ. ಸಾಫ್ಟ್‌ವೇರ್ ನಮ್ಮ ಸಿಬ್ಬಂದಿಯದೇ, ಅವರನ್ನು ಉಳಿಸಲು ಬರೆದಂತೆ ಕಾಣುತ್ತದೆ ಎಂದರು. ಹದಿನೆಂಟು ಸಾಲು ಮೂರಾಗಿ ಐದನೇ ಪುಟದ ಬುಡಕ್ಕೆ ಹೋಯಿತು. ಸಂಘದವರು ಅದನ್ನು ಓದಿದ ಕುರುಹಿಲ್ಲ.

ಆಕೆಯನ್ನು ಉಳಿಸಬೇಕಾದರೆ ಅವರು ಲಿಖಿತವಾಗಿ ಒಪ್ಪಿಕೊಳ್ಳಬೇಕಿತ್ತು. ನನ್ನ ಪ್ರತಿ ವರ್ಷನ್ನಿನ ತಾರೀಖೂ ಕೊಟ್ಟ ದಿನದ್ದಲ್ಲ, ಮರುದಿನದ್ದು ಎಂದು. ಆ ಪತ್ರ ಬರೆಯಲು ಅವರಿಗೆ ಎಂಟು ದಿನ ಬೇಕಾಯಿತು. ನಾಲ್ಕು ಕರಡು ನನಗೆ ತೋರಿಸಿದರು. ಮೂರರಲ್ಲಿ ತಪ್ಪು ಎಂಬ ಪದ ಇರಲಿಲ್ಲ. ನಾಲ್ಕನೆಯದರಲ್ಲಿ ಇತ್ತು, ಆದರೆ ಯಾರ ತಪ್ಪು ಎಂದು ಇರಲಿಲ್ಲ. ಅದನ್ನೇ ಕೊಟ್ಟರು. ಸುದ್ದಿ ಹರಡಿ ರಕ್ತಪರೀಕ್ಷೆ ಕೇಂದ್ರದವರು ಎರಡು ವಾರದಲ್ಲಿ ಬೇರೆ ಸಾಫ್ಟ್‌ವೇರ್ ಹಾಕಿಕೊಂಡರು. ವರದಿಯ ಬುಡದಲ್ಲಿ ಬಾರದ ದಿನದ ತಾರೀಖು ಇದ್ದರೆ ರೋಗಿಗಳಿಗೆ ಏನು ಹೇಳುವುದು ಎಂಬುದು ಅವರ ಪ್ರಶ್ನೆ. ಇವರು ಅವರೊಂದಿಗೆ ವಾದ ಮಾಡಲಿಲ್ಲ.

ಸಂಘದ ವಿಚಾರಣೆ ಅಕ್ಟೋಬರಿನಲ್ಲಿ, ಔರಾದಿನಲ್ಲಿ ನಡೆಯಿತು. ಮೂವರು ನಿರ್ದೇಶಕರು, ಒಂದು ಬದಿಗೆ ಕಲಾವತಿ, ಇನ್ನೊಂದು ಬದಿಗೆ ಇವರು. ವರದಿಗಾರನೆಂದು ನನ್ನನ್ನು ಬಾಗಿಲ ಹತ್ತಿರ ಕೂರಿಸಿದರು. ಪತ್ರ ಓದಿದ ಮೇಲೆ ಒಬ್ಬ ನಿರ್ದೇಶಕ ಕೇಳಿದ, "ಈಕಿ ನಿಮಗ ಏನಾಗಬೇಕ್ರಿ?"

"ಗಿರಾಕಿ."

"ಬರೇ ಗಿರಾಕಿ ಸಲುವಾಗಿ ನಿಮ್ಮ ಮಾಲು ಸುಳ್ಳು ಅಂತ ಬರ್ಕೊಟ್ಟೀರಿ?"

"ಸುಳ್ಳು ಅಂತ ಬರದಿಲ್ಲ. ನಾಳಿಂದು ಅಂತ ಬರದೀನಿ."

ನಿರ್ದೇಶಕ ನಕ್ಕ. ಅವನ ಜಾಗದಲ್ಲಿದ್ದರೆ ಇವರೂ ನಂಬುತ್ತಿರಲಿಲ್ಲ ಎಂದು ನನಗನ್ನಿಸಿತು. ಹೇಳಿದವರು ಯಾರು, ಯಾವಾಗ ಹೇಳಿದರು? ಆರೋಪ ಬಂದ ಮೇಲೆ ಹೇಳಿದ್ದು, ಅದೂ ಸಾಫ್ಟ್‌ವೇರ್ ಮಾಡಿದವನೇ ಹೇಳಿದ್ದು. ವಿಚಾರಣೆ ಮುಂದಕ್ಕೆ ಹೋಯಿತು.

ನಮ್ಮ ಕಚೇರಿಯ ಪಾರ್ಸಲ್ ಪುಸ್ತಕ ನನಗೆ ನೆನಪಾದದ್ದು ವಾಪಸು ಬರುವ ದಾರಿಯಲ್ಲಿ. ಗುಮಾಸ್ತನಿಂದ ಇಸಿದುಕೊಂಡು ಕೂತೆ. ಆ ಸಂಘಕ್ಕೆ ಹೋದ ಹನ್ನೊಂದು ಲಕೋಟೆ ಅದರಲ್ಲಿದ್ದವು. ಪ್ರತಿ ವರ್ಷನ್ನನ್ನೂ ಬರೆದಿಡುವ ಉದ್ದ ನೋಟ್‌ಬುಕ್ ಒಂದು ಇವರ ಹತ್ತಿರ ಇತ್ತು, ಅದನ್ನೂ ಕೇಳಿದೆ. ಕೊಡಲು ಹಿಂದೆಮುಂದೆ ನೋಡಿ, ಕಚೇರಿಯ ಹೊರಗೆ ಒಯ್ಯಬಾರದೆಂಬ ಕರಾರಿನ ಮೇಲೆ ಕೊಟ್ಟರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹನ್ನೊಂದರಲ್ಲೂ ಬಂಡಲಿಗೆ ಕಟ್ಟಿದ ದಿನ ವರ್ಷನ್ ತಾರೀಖಿಗಿಂತ ಒಂದು ದಿನ ಹಿಂದೆ. ಪದ್ಧತಿ ನಿಜ ಎಂದಾಯಿತು. ಬೇಕಿದ್ದ ಹನ್ನೆರಡನೆಯದು ಮಾತ್ರ ಪಾರ್ಸಲ್ ಪುಸ್ತಕದಲ್ಲಿ ಇರಲಿಲ್ಲ, ಅದು ಬಂಡಲಿನಲ್ಲಿ ಹೋಗಿರಲಿಲ್ಲವಲ್ಲ.

ಅವರ ನೋಟ್‌ಬುಕ್ಕಿನಲ್ಲಿ ಇತ್ತು. ವರ್ಷನ್ 2024.08.14, ಐದಂಕಿ ಬಿಲ್ಲೆಗೆ ಚೌಕ ಅಗಲ ಮಾಡಿದ್ದು. ಮುಂದೆ, 13 ಮಂಗಳವಾರ, 4 ಗಂಟೆ, ಕೈಯಲ್ಲಿ ಕೊಟ್ಟಿದೆ.

ನೋಟ್‌ಬುಕ್ಕಿನ ಉಳಿದೆಲ್ಲ ಬರಹ ನೀಲಿ ಬಾಲ್‌ಪೆನ್ನಿನದು. 13 ಮಂಗಳವಾರ ಎಂಬಲ್ಲಿಂದ ಮುಂದಿನದು ಮಾತ್ರ ಕಪ್ಪು ಜೆಲ್ ಪೆನ್ನಿನದು. ಉಳಿದ ಯಾವ ವರ್ಷನ್ನಿನ ಮುಂದೆಯೂ ಕೊಟ್ಟ ದಿನ ಇರಲಿಲ್ಲ. ಆ ಕಪ್ಪು ಪೆನ್ನುಗಳು ನಮ್ಮ ಕಚೇರಿಗೆ ಬಂದದ್ದು ಸೆಪ್ಟೆಂಬರ್ ಕೊನೆಗೆ, ಜಾಹೀರಾತುದಾರರೊಬ್ಬರು ಕೊಟ್ಟ ಡಬ್ಬಿಯಲ್ಲಿ. ನನ್ನ ಜೇಬಿನಲ್ಲೂ ಒಂದಿತ್ತು.

ನೋಟ್‌ಬುಕ್ ಹಿಡಿದು ಅವರ ಮೇಜಿಗೆ ಹೋದೆ. ಇದು ಯಾವಾಗ ಬರೆದದ್ದು ಎಂದು ಕೇಳಿದೆ.

"ಯಾರು ಕೇಳ್ಲತ್ತಾರ?"

"ನಾನು."

"ಹಂಗಿದ್ರ ಹೇಳೂದಿಲ್ಲ," ಎಂದರು. ಆ ಸಲ ಮಾನಿಟರ್ ಆರಿಸಲಿಲ್ಲ. ಅದರ ಮೇಲೆ ಖಾಲಿ ಪುಟವಿತ್ತು.

ಮೂರು ಸಾಧ್ಯತೆ ನನ್ನ ತಲೆಯಲ್ಲಿದ್ದವು. ನಡೆದದ್ದನ್ನೇ ತಡವಾಗಿ ಬರೆದಿರಬಹುದು. ನಡೆಯದ್ದನ್ನು ಆಕೆಗಾಗಿ ಬರೆದಿರಬಹುದು. ಅಥವಾ ತಮ್ಮ ತಾರೀಖು ತಪ್ಪಲ್ಲ ಎಂದು ತೋರಿಸಲು, ತಮಗಾಗಿಯೇ ಬರೆದಿರಬಹುದು. ಹತ್ತೊಂಬತ್ತು ವರ್ಷ ನೋಡಿದ ಮನುಷ್ಯನ ಬಗ್ಗೆ ಇವುಗಳಲ್ಲಿ ಒಂದನ್ನು ಆರಿಸಲು ನನಗೆ ಆಗಲಿಲ್ಲ. ಈಗಲೂ ಆಗಿಲ್ಲ.

ಶಾಯಿಯ ವಿಷಯವನ್ನು ಮೊದಲು ಕಲಾವತಿಗೆ ಹೇಳಿದೆ. ಹೇಳದೆ ಬಿಡಬಹುದಿತ್ತು, ನಿರ್ದೇಶಕರು ಅದನ್ನು ಗಮನಿಸುವ ಪೈಕಿಯವರಲ್ಲ. ಚಿಂತಾಕಿಯಲ್ಲಿ ಅವಳ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಅಮಾನತಾದ ಮೇಲೆ ಊರಲ್ಲಿ ಯಾರೂ ಅವಳನ್ನು ಕುರಿಯ ಹತ್ತಿರ ಬಿಡುತ್ತಿರಲಿಲ್ಲ. ಅಣ್ಣನ ಹಟ್ಟಿಗೂ ಅವಳು ಹೋಗುವುದನ್ನು ಬಿಟ್ಟಿದ್ದಳು.

ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಬರದ ಮಾತು ಖರೇ ಅದರೀ," ಎಂದಳು. "ಯಾವಾಗ ಬರದಾರ ಅನ್ನೋದು ನನಗ ಗೊತ್ತಿಲ್ಲ. ನಾಳಿ ಯಾರರೆ ಕಪ್ಪು ಶಾಯಿ ಅಂತ ತಗದ್ರ, ಈ ಸಲ ಖರೇನ ಕಳ್ಳಿ ಆಗ್ತೇನಿ. ನಾನ ಹೇಳ್ತೇನಿ ತೊಗೋರಿ."

ಹೇಳಿದಳು. ಡಿಸೆಂಬರಿನ ವಿಚಾರಣೆಯಲ್ಲಿ ಆಕೆಯೇ ಎದ್ದು ನಿಂತು, ನೋಟ್‌ಬುಕ್ಕಿನ ಆ ಸಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಆಮೇಲೆ ಬರೆದದ್ದಿರಬಹುದು, ಪಾರ್ಸಲ್ ಪುಸ್ತಕದ ಹನ್ನೊಂದನ್ನಷ್ಟೇ ನೋಡಿ ಎಂದಳು. ಇವರು ಎದುರಿಗೇ ಕೂತಿದ್ದರು. ನಿರ್ದೇಶಕ ಹೌದೇನ್ರಿ ಎಂದು ಕೇಳಿದಾಗ, ಆಕೆ ಹೇಳಿದಂತೆ ಮಾಡಿ ಎಂದಷ್ಟೇ ಹೇಳಿದರು. ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಮೂವರೂ ಒಂದೇ ಕಡೆ ನಿಂತಿದ್ದೆವು. ಅವರು ಕಲಾವತಿಯನ್ನು ಕೇಳಿದ್ದು ಒಂದೇ ಮಾತು, ಶಾಯಿಯದ್ದು ಯಾರು ಹೇಳಿದರು ಎಂದು. ಆಕೆ ನನ್ನ ಕಡೆ ನೋಡಲಿಲ್ಲ. "ಯಾವಾಗ ಹೇಳಿದ್ರು ಅಂತನೂ ಕೇಳ್ರಿ," ಎಂದಳು. ಅವರು ನಕ್ಕದ್ದನ್ನು ನಾನು ನೋಡಿದ್ದು ಆಗ ಒಂದು ಸಲ.

ಆಮೇಲೆ ಸುಮಾರು ಒಂದು ವರ್ಷ ಅವರು ಕೆಲಸ ಮಾಡಿದರು. ವರ್ಷನ್ ಸಂಖ್ಯೆಯ ಪದ್ಧತಿ ಬದಲಾಯಿಸುವಂತೆ ಮಾಸ್ತರರು ಕೇಳಿದರೂ ಒಪ್ಪಲಿಲ್ಲ. ಮುಂದೆಯೂ ಮರುದಿನದ ತಾರೀಖೇ ಹಾಕಿದರು. ಬೇಕಿದ್ದರೆ ಕೊಟ್ಟ ದಿನವನ್ನು ನೀವು ಬರೆದುಕೊಳ್ಳಿ ಎಂದರು. ಅವರು ತೀರಿಕೊಂಡ ಮೇಲೆ ಸಂಘ ಹೈದರಾಬಾದಿನ ಸಾಫ್ಟ್‌ವೇರ್ ತಂದಿದೆ. ಅದರ ವರ್ಷನ್ ನಾಲ್ಕು ಪಾಯಿಂಟ್ ಎರಡು. ಅದು ಯಾವಾಗಿನದು ಎಂದು ಮಾಸ್ತರರಿಗೆ ಗೊತ್ತಿಲ್ಲ.

ಸಂಘದ ಆದೇಶ 2025ರ ಜನವರಿಯಲ್ಲಿ ಬಂತು. ಪ್ರಮಾಣಪತ್ರದ ದಿನಾಂಕದ ಬಗ್ಗೆ ಖಚಿತ ನಿರ್ಣಯಕ್ಕೆ ಬರಲಾಗಲಿಲ್ಲ, ಸಂಶಯದ ಲಾಭ ನೀಡಿ ಕಾರ್ಯಕರ್ತೆಯನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಲಾಗಿದೆ ಎಂದು ಅದರಲ್ಲಿದೆ. ಔರಾದ ತಾಲ್ಲೂಕಿನಲ್ಲಿ ಬೇಡವೆಂದು ಭಾಲ್ಕಿ ತಾಲ್ಲೂಕಿನ ಹಲಬರ್ಗಾ ಶಾಖೆಗೆ ಹಾಕಿದರು. ಆಕೆ ಈಗ ಅಲ್ಲಿ ಕೆಲಸ ಮಾಡುತ್ತಿದ್ದಾಳೆ.

ಅವರು ತೀರಿಕೊಂಡ ಮೂರನೇ ವಾರ ಕಲಾವತಿ ಔರಾದಿಗೆ ಹೋಗಿ, ಆದೇಶದಿಂದ ಸಂಶಯ ಎಂಬ ಪದ ತೆಗೆಯಬೇಕೆಂದು ಅರ್ಜಿ ಕೊಟ್ಟಳು. ಅರ್ಜಿಯ ಮೇಲೆ ತಾನು ತಾರೀಖು ಬರೆಯಲಿಲ್ಲ. ಸ್ವೀಕರಿಸಿದ ಸಂಘದ ಗುಮಾಸ್ತನಿಂದಲೇ ದಿನ, ಗಂಟೆ, ನಿಮಿಷ ಬರೆಸಿ, ಸಹಿ ಹಾಕಿಸಿ, ಮುದ್ರೆ ಒತ್ತಿಸಿಕೊಂಡಳು. ಇದನ್ನು ಬರೆಯುವವರೆಗೆ ಆ ಅರ್ಜಿಗೆ ಉತ್ತರ ಬಂದಿಲ್ಲ.